ಸೊಟ್ಟ ಹಲ್ಲು ಸಾಲಿಗೆ ಬರುವ ಬಗೆ

ಗೋಡೆಗೆ ಹೊಡೆದ ಮೊಳೆಯನ್ನು ಕೀಳದೆ ಪಕ್ಕಕ್ಕೆ ಸರಿಸುವುದು ಯಾರಿಂದಲೂ ಆಗದ ಕೆಲಸ. ಬಲವಾಗಿ ತಳ್ಳಿದರೆ ಮೊಳೆ ಬಾಗೀತು. ಇಲ್ಲವೆ ಗೋಡೆಯ ಗಾರೆ ಉದುರೀತು. ಆದರೆ ದವಡೆಯ ಎಲುಬಿನಲ್ಲಿ ಬೇರೂರಿ ನಿಂತ ಹಲ್ಲನ್ನು, ಎಲುಬು ಒಡೆಯದಂತೆ, ಹಲ್ಲು ಕಳಚದಂತೆ, ಇದ್ದ ಎಡೆಯಿಂದ ಬೇರೊಂದು ಎಡೆಗೆ ಕೊಂಡೊಯ್ಯಬಹುದು. ಅದಕ್ಕೆ ಅರ್ಧ ಮಿಲಿಮೀಟರಿನ ಆಸುಪಾಸು ದಪ್ಪವುಳ್ಳ ಒಂದು ತಂತಿಯೂ ಒಂದೆರಡು ವರ್ಷಗಳ ತಾಳ್ಮೆಯೂ ಬೇಕು. ನಮ್ಮ ಜನ 'ಹಲ್ಲಿಗೆ ಕ್ಲಿಪ್ಪು ಹಾಕಿಸುವುದು' ಎಂದು ಕರೆಯುವ ಚಿಕಿತ್ಸೆ ಇದೇ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಶಾಲಾ ಕಾಲೇಜುಗಳಲ್ಲಿ ಇಂದು ಕ್ಲಿಪ್ಪು ಹಾಕಿಸಿಕೊಂಡ ವಿದ್ಯಾರ್ಥಿಗಳನ್ನು ಕಾಣಬಹುದು. ಹಾಕಿಸಿಕೊಳ್ಳುವ ಆಸೆಯಿದ್ದೂ ಖರ್ಚಿಗೆ ಅಂಜಿದವರು, ಉಬ್ಬುಹಲ್ಲನ್ನು ಮರೆಮಾಡಲು ಬಾಯಿಗೆ ಕೈ ಅಡ್ಡ ಹಿಡಿದು ನಗುವವರು ಅವರ ನಡುವೆಯೇ ಇರುವರು. ಈ ಚಿಕಿತ್ಸೆ ಯಾವ ತತ್ತ್ವದ ಮೇಲೆ ನಿಂತಿದೆಯೆಂಬುದನ್ನು ಅರಿತರೆ, ಅದನ್ನು ಯಾರಿಂದ, ಹೇಗೆ ಮಾಡಿಸಿಕೊಳ್ಳಬೇಕೆಂಬುದೂ ತಾನಾಗಿ ತಿಳಿಯುವುದು. ಆದುದರಿಂದ ನಾವು ಮೊದಲು ತತ್ತ್ವವನ್ನು ನೋಡೋಣ.

ಹಲ್ಲು ಸೊಟ್ಟಗಾಗುವುದೇಕೆ?

ಮನುಷ್ಯನಿಗೆ ಹಾಲುಹಲ್ಲುಗಳು ೨೦, ಶಾಶ್ವತ ಹಲ್ಲುಗಳು ೩೨. ಸುಮಾರು ಆರನೆಯ ವಯಸ್ಸಿನಲ್ಲಿ ಹಾಲುಹಲ್ಲುಗಳು ಬೀಳತೊಡಗಿ, ಹನ್ನೆರಡು ಹದಿಮೂರರ ವೇಳೆಗೆ ಅವುಗಳ ಎಡೆಯಲ್ಲಿ ಶಾಶ್ವತ ಹಲ್ಲುಗಳು ನೆಲೆಗೊಳ್ಳುವುವು. ದವಡೆ ಕಿರಿದಾಗಿ ಹಲ್ಲುಗಳು ಅಗಲವಾಗಿದ್ದರೆ ಎಲ್ಲಕ್ಕೂ ಸ್ಥಳ ಸಾಲದು. ಆಗ ಒಂದು ಹಲ್ಲು ಇನ್ನೊಂದರ ಮೇಲೇರುವುದು, ಮತ್ತೊಂದು ಹೊರಳಿ ನಿಲ್ಲುವುದು. ತಡವಾಗಿ ಬರುವ ಕೋರೆಹಲ್ಲು ಸಾಲಿನಲ್ಲಿ ಎಡೆ ಸಿಗದೆ ಹೊರಕ್ಕೆ ಚಾಚುವುದು.

ದವಡೆಯ ಅಳತೆಯೂ ಹಲ್ಲಿನ ಅಳತೆಯೂ ಬಹುಮಟ್ಟಿಗೆ ಅನುವಂಶೀಯವಾದುವು. ಆದರೆ ಎಲ್ಲವನ್ನೂ ವಂಶದ ಮೇಲೆ ಹೊರಿಸುವಂತಿಲ್ಲ. ವರ್ಷಗಟ್ಟಲೆ ಬೆರಳು ಚೀಪುವ ಮಗುವಿನ ಮೇಲಿನ ಬಾಚಿಹಲ್ಲುಗಳು ಮುಂದಕ್ಕೆ ಉಬ್ಬಬಹುದು. ಹುಳುಕು ಹಿಡಿದ ಹಾಲುಹಲ್ಲನ್ನು 'ಹೇಗೂ ಬೀಳುವ ಹಲ್ಲು ತಾನೆ' ಎಂದು ಅಕಾಲದಲ್ಲಿ ಕೀಳಿಸಿದರೆ, ಪಕ್ಕದ ಹಲ್ಲು ತೆರವಾದ ಎಡೆಗೆ ವಾಲಿಕೊಳ್ಳುವುದು. ಕೆಳಗಿನಿಂದ ಬರಬೇಕಾದ ಶಾಶ್ವತ ಹಲ್ಲಿಗೆ ದಾರಿ ಮುಚ್ಚಿಹೋಗುವುದು. ಹಾಲುಹಲ್ಲು ಶಾಶ್ವತ ಹಲ್ಲಿಗಾಗಿ ಜಾಗ ಕಾದಿರಿಸುವ ಕಾವಲುಗಾರನೆಂದು ತಿಳಿಯಬೇಕು.

ಇದು ಕೇವಲ ಅಂದದ ಪ್ರಶ್ನೆಯೆ? ಅಲ್ಲ. ಮಂಡ್ಯದ ಸೀಮೆಯ ಆಲೆಮನೆಗಳಲ್ಲಿ ಕಬ್ಬರೆಯುವ ಗಾಣವನ್ನು ಕಂಡವರಿಗೆ ಈ ಮಾತು ಸುಲಭವಾಗಿ ಅರ್ಥವಾಗುವುದು. ಅದರ ಹಲ್ಲುಚಕ್ರಗಳು ಒಂದರ ಸಂದಿಗೆ ಇನ್ನೊಂದರ ಹಲ್ಲು ಸರಿಯಾಗಿ ಕೂಡುವಂತಿದ್ದರೆ ಗಾಣ ಸಲೀಸಾಗಿ ತಿರುಗುವುದು; ತಪ್ಪಿ ಕೂಡಿದರೆ ಕೆಲವು ಹಲ್ಲುಗಳು ಮಾತ್ರ ಭಾರ ಹೊತ್ತು ಬೇಗ ಸವೆಯುವುವು. ನಮ್ಮ ಮೇಲ್ದವಡೆ ಕೆಳದವಡೆಗಳ ಹಲ್ಲುಗಳೂ ಹೀಗೆಯೇ ಒಂದಕ್ಕೊಂದು ಕೂಡಬೇಕು. ಒತ್ತೊತ್ತಾದ ಹಲ್ಲುಗಳ ಸಂದಿಗಳನ್ನು ಶುಚಿಮಾಡುವುದು ಕಷ್ಟ. ಬಹಳ ಮುಂಚಾಚಿದ ಹಲ್ಲುಗಳು ಬಿದ್ದಾಗ ಬೇಗ ಮುರಿಯುವುವು. ಹಾಗೆಂದು ಎಲ್ಲ ಸೊಟ್ಟ ಹಲ್ಲೂ ದೋಷವಲ್ಲ. ಅಗಿಯಲು, ಮಾತಾಡಲು, ಶುಚಿಮಾಡಲು ತೊಡಕಿಲ್ಲದೆ, ತನ್ನ ಮುಖದ ಬಗೆಗೆ ಕೊರಗೂ ಇಲ್ಲದೆ ಇರುವವನಿಗೆ ಚಿಕಿತ್ಸೆಯ ಅಗತ್ಯವೇ ಇಲ್ಲದಿರಬಹುದು.

ಎಲುಬು ದಾರಿ ಬಿಡುವ ಬಗೆ

ಹಲ್ಲು ಎಲುಬಿಗೆ ಅಂಟಿಕೊಂಡಿಲ್ಲ. ಬೇರಿಗೂ ಅದರ ಸುತ್ತಲ ಎಲುಬಿಗೂ ನಡುವೆ ಸುಮಾರು ೦.೨ ಮಿಲಿಮೀಟರಿನಷ್ಟು ತೆಳುವಾದ ಒಂದು ತಂತುಪೊರೆಯುಂಟು. ಅದರಲ್ಲಿ ನಾರುಗಳೂ ರಕ್ತನಾಳಗಳೂ ಜೀವಕೋಶಗಳೂ ಇವೆ. ಹಲ್ಲು ಈ ಪೊರೆಯಲ್ಲಿ ತೂಗುಹಾಕಿದಂತೆ ನಿಂತಿದೆ. ಅಗಿಯುವಾಗ ಹಲ್ಲಿನ ಮೇಲೆ ಬೀಳುವ ಒತ್ತಡ ಹೆಚ್ಚಿನದಾದರೂ ಅದು ಕ್ಷಣಕಾಲದ್ದು. ಅದರಿಂದ ಹಲ್ಲು ಸರಿಯದು. ಅಲ್ಪವಾದರೂ ಹಗಲಿರುಳು ಬಿಡದೆ ಇರುವ ಒತ್ತಡವಾದರೋ ಬೇರೆ ಪರಿಣಾಮವನ್ನುಂಟುಮಾಡುವುದು.

ಹಲ್ಲನ್ನು ಬಲಕ್ಕೆ ಮೆಲ್ಲನೆ ಒತ್ತುತ್ತಿರುವೆವೆಂದು ಭಾವಿಸೋಣ. ಬಲಗಡೆಯ ಪೊರೆ ಅದುಮಲ್ಪಡುವುದು, ಎಡಗಡೆಯದು ಎಳೆಯಲ್ಪಡುವುದು. ಅದುಮಿದ ಕಡೆ ಎಲುಬನ್ನು ಕರಗಿಸುವ ಜೀವಕೋಶಗಳು ಕೂಡಿಕೊಂಡು ಎಲುಬನ್ನು ತೆರವು ಮಾಡುವುವು. ಎಳೆದ ಕಡೆ ಎಲುಬನ್ನು ಕಟ್ಟುವ ಜೀವಕೋಶಗಳು ಹೊಸ ಎಲುಬನ್ನು ಹಾಸುವುವು. ಮದ್ದೂರಿನ ಬಳಿ ಹರಿಯುವ ಶಿಂಷಾ ನದಿಯ ತಿರುವುಗಳನ್ನು ನೆನೆಯಿರಿ. ತಿರುವಿನಲ್ಲಿ ಹೊಳೆ ಒಂದು ದಡವನ್ನು ಕೊರೆಯುವುದು, ಎದುರು ದಡದಲ್ಲಿ ಮರಳನ್ನು ಒಟ್ಟುವುದು; ಹೀಗೆ ಕಾಲಕ್ರಮದಲ್ಲಿ ಹೊಳೆಯೇ ಪಕ್ಕಕ್ಕೆ ಸರಿಯುವುದು. ಹಲ್ಲೂ ಹಾಗೆಯೇ. ಅದರ ಗೂಡೇ ಅದರೊಡನೆ ಪಯಣ ಮಾಡುವುದು. ಸ್ವೀಡನ್ನಿನ ಕಾರ್ಲ್ ಸ್ಯಾಂಡ್‌ಸ್ಟೆಟ್ ೧೯೦೪-೦೫ರಲ್ಲಿ ನಾಯಿಯ ಹಲ್ಲುಗಳ ಮೇಲೆ ಪ್ರಯೋಗ ನಡೆಸಿ, ಒಂದು ಕಡೆ ಎಲುಬು ಕರಗುವುದನ್ನೂ ಇನ್ನೊಂದು ಕಡೆ ಬೆಳೆಯುವುದನ್ನೂ ಸೂಕ್ಷ್ಮದರ್ಶಕದಲ್ಲಿ ತೋರಿಸಿದನು.

ಇದರಿಂದ ಒಂದು ಮುಖ್ಯವಾದ ಮಾತು ಹೊರಡುವುದು. ಹಲ್ಲನ್ನು ಸರಿಸುವುದು ತಂತಿಯಲ್ಲ, ಜೀವಂತವಾದ ಎಲುಬು. ತಂತಿ ದಿಕ್ಕು ತೋರಿಸುವುದಷ್ಟೆ. ಜೀವಕೋಶಗಳ ಕೆಲಸಕ್ಕೆ ತನ್ನದೇ ಆದ ವೇಗವುಂಟು. ಸಾಮಾನ್ಯವಾಗಿ ಹಲ್ಲು ತಿಂಗಳಿಗೆ ಒಂದು ಮಿಲಿಮೀಟರಿನಷ್ಟು ಸರಿಯುವುದು. ಬೇಗನೆ ಆಗಲೆಂದು ಬಲವನ್ನು ಹೆಚ್ಚಿಸಿದರೆ ಪೊರೆಯ ರಕ್ತನಾಳಗಳು ಅದುಮಿ ಮುಚ್ಚಿಹೋಗುವುವು, ಅಲ್ಲಿನ ಜೀವಕೋಶಗಳು ಸಾಯುವುವು. ನೋವು ಹೆಚ್ಚುವುದು, ಹಲ್ಲು ಸರಿಯುವ ಬದಲು ವಾರಗಟ್ಟಲೆ ನಿಂತುಬಿಡುವುದು. ಹಲ್ಲಿನ ಬೇರೇ ಕರಗಿ ಮೊಟಕಾಗುವ ಅಪಾಯವೂ ಉಂಟು.

ತಂತಿಯೂ ಅದರ ಕಥೆಯೂ

ಹಲ್ಲುಗಳ ಸಾಲನ್ನು ತಿದ್ದುವ ಪಟ್ಟಿಯೊಂದನ್ನು ಫ್ರಾನ್ಸಿನ ಪಿಯೆರ್ ಫೋಷಾರ್ ೧೭೨೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವರ್ಣಿಸಿದ್ದಾನೆ. ಆದರೆ ಇಂದಿನ ಪದ್ಧತಿಗೆ ತಳಹದಿ ಹಾಕಿದವನು ಅಮೆರಿಕದ ಎಡ್ವರ್ಡ್ ಆಂಗಲ್. ಮೇಲಿನ ಕೆಳಗಿನ ಹಲ್ಲುಗಳು ಕೂಡುವ ರೀತಿಯನ್ನು ಆತ ೧೮೯೯ರಲ್ಲಿ ಮೂರು ವರ್ಗಗಳಾಗಿ ವಿಂಗಡಿಸಿದನು. ಗುಂಡಾದ ತಂತಿ ಹಲ್ಲನ್ನು ವಾಲಿಸಬಲ್ಲದು. ಬೇರಿನ ತುದಿಯನ್ನು ಅಂಕೆಯಲ್ಲಿಡಲಾರದು. ಚೌಕನಾದ ಗಾಡಿಯಲ್ಲಿ ಚೌಕನಾದ ತಂತಿಯನ್ನು ಕೂರಿಸಿದರೆ, ಬೀಗದಲ್ಲಿ ಕೀಲಿಕೈ ತಿರುಗಿಸಿದಂತೆ ಹಲ್ಲನ್ನು ಬೇರುಸಹಿತ ತಿರುಗಿಸಬಹುದು. ೧೯೨೮ರಲ್ಲಿ ಆಂಗಲ್ ವಿವರಿಸಿದ ಉಪಕರಣದ ಗುಟ್ಟು ಇದೇ.

ಮೊದಮೊದಲು ಪ್ರತಿ ಹಲ್ಲಿಗೂ ಲೋಹದ ಪಟ್ಟಿ ಸುತ್ತಬೇಕಾಗಿತ್ತು. ಹಲ್ಲಿನ ಮೇಲ್ಪದರವನ್ನು ಆಮ್ಲದಿಂದ ಒರಟುಮಾಡಿದರೆ ಅಂಟು ಭದ್ರವಾಗಿ ಹಿಡಿಯುವುದೆಂದು ೧೯೫೫ರಲ್ಲಿ ಮೈಕೇಲ್ ಬ್ಯುನೊಕೋರ್ ತೋರಿಸಿದ ಮೇಲೆ, ಬ್ರಾಕೆಟ್ ಎಂಬ ಸಣ್ಣ ತುಂಡನ್ನು ನೇರವಾಗಿ ಹಲ್ಲಿಗೆ ಅಂಟಿಸುವ ಮಾರ್ಗ ತೆರೆಯಿತು. ೧೯೭೦ರ ದಶಕದಲ್ಲಿ ನಿಕಲ್ ಮತ್ತು ಟೈಟೇನಿಯಂ ಬೆರೆತ ತಂತಿ ಬಳಕೆಗೆ ಬಂತು. ಎಷ್ಟು ಬಾಗಿಸಿದರೂ ತನ್ನ ಮೊದಲಿನ ಆಕಾರಕ್ಕೆ ಮರಳಲು ಹವಣಿಸುವ ಈ ತಂತಿ ಬಹುಕಾಲ ಮೃದುವಾದ ಬಲವನ್ನು ಕೊಡಬಲ್ಲದು. ಈಚಿನ ಪಾರದರ್ಶಕ ಅಚ್ಚುಗಳದೂ ಇದೇ ತತ್ತ್ವ. ತಂತಿಯ ಬದಲು ಪ್ಲಾಸ್ಟಿಕ್ ಅಚ್ಚು ಹಲ್ಲನ್ನು ಒತ್ತುವುದು, ಅಷ್ಟೇ ವ್ಯತ್ಯಾಸ.

ಯಾರ ಬಳಿಗೆ ಹೋಗಬೇಕು?

ಬ್ರಾಕೆಟ್ ಅಂಟಿಸುವುದು ಈ ಚಿಕಿತ್ಸೆಯಲ್ಲಿ ಸುಲಭದ ಭಾಗ. ಯಾವ ಹಲ್ಲು ಎಲ್ಲಿಗೆ ಹೋಗಬೇಕು, ಎಷ್ಟು ಬಲ ಬೇಕು, ಜಾಗಕ್ಕಾಗಿ ಹಲ್ಲು ಕೀಳಬೇಕೆ ಬೇಡವೆ ಎಂಬ ನಿರ್ಧಾರವೇ ಕಷ್ಟದ್ದು. ಕಿತ್ತ ಹಲ್ಲು ಮರಳಿ ಬಾರದು. ಈ ವಿದ್ಯೆಗಾಗಿಯೇ ದಂತವೈದ್ಯ ಪದವಿಯಾದ ಬಿ.ಡಿ.ಎಸ್. ಆದ ಮೇಲೆ ಮೂರು ವರ್ಷಗಳ ಎಂ.ಡಿ.ಎಸ್. ವ್ಯಾಸಂಗವುಂಟು. ವಕ್ರದಂತ ಚಿಕಿತ್ಸೆಯಲ್ಲಿ ಈ ಪದವಿ ಪಡೆದವರೇ ಆರ್ಥೊಡಾಂಟಿಸ್ಟರು, ಅಂದರೆ ವಕ್ರದಂತ ತಜ್ಞರು. ಎಂ.ಡಿ.ಎಸ್. ಎಂಬ ಅಕ್ಷರಗಳಷ್ಟೇ ಸಾಲವು. ಅದು ಯಾವ ವಿಭಾಗದಲ್ಲಿ ಎಂದೂ, ರಾಜ್ಯದ ದಂತವೈದ್ಯ ಪರಿಷತ್ತಿನಲ್ಲಿ ನೋಂದಣಿಯುಂಟೆ ಎಂದೂ ವಿಚಾರಿಸುವುದರಲ್ಲಿ ಸಂಕೋಚವೇಕೆ?

ತಜ್ಞರು ಮೊದಲ ದಿನವೇ ತಂತಿ ಕಟ್ಟುವುದಿಲ್ಲ. ಹಲ್ಲುಗಳ ಅಚ್ಚು ತೆಗೆಯುವರು. ಎರಡೂ ದವಡೆಗಳ ಎಕ್ಸ್-ರೇಯನ್ನೂ ಅಗತ್ಯವಿದ್ದಲ್ಲಿ ತಲೆಯ ಪಾರ್ಶ್ವದ ಎಕ್ಸ್-ರೇಯನ್ನೂ ನೋಡುವರು. ಹುಳುಕು, ವಸಡಿನ ರೋಗಗಳಿದ್ದರೆ ಮೊದಲು ಅವುಗಳಿಗೆ ಚಿಕಿತ್ಸೆ ಮಾಡಿಸುವರು. ಆಮೇಲೆ ವಿದ್ಯಾರ್ಥಿಯೂ ಅವನ ತಂದೆತಾಯಿಗಳೂ ಕೇಳಬೇಕಾದ ಪ್ರಶ್ನೆಗಳಿವೆ. ಹಲ್ಲು ಕೀಳಬೇಕಾದರೆ ಕಾರಣವೇನು? ಎಷ್ಟು ಕಾಲ ಹಿಡಿಯುವುದು? ಒಟ್ಟು ಖರ್ಚೆಷ್ಟು, ಕಂತಿನಲ್ಲಿ ಕೊಡಬಹುದೆ? ಬ್ರಾಕೆಟ್ ಕಳಚಿದರೆ ಬೇರೆ ಹಣವೆ? ಕೊನೆಯವರೆಗೂ ನೋಡುವ ವೈದ್ಯರು ಯಾರು? ಕೊನೆಯ ಪ್ರಶ್ನೆ ಸಣ್ಣ ಊರುಗಳಲ್ಲಿ ಬಹಳ ಮುಖ್ಯವಾದುದು. ಏಕೆಂದರೆ ಎಷ್ಟೋ ಚಿಕಿತ್ಸಾಲಯಗಳಿಗೆ ತಜ್ಞರು ದೊಡ್ಡ ಊರುಗಳಿಂದ ಗೊತ್ತಾದ ದಿನಗಳಲ್ಲಿ ಮಾತ್ರ ಬಂದು ಹೋಗುವರು. 'ಆರು ತಿಂಗಳಲ್ಲಿ ಎಲ್ಲವೂ ಸರಿ' ಎಂದು, ಎಕ್ಸ್-ರೇಯನ್ನೂ ನೋಡದೆ, ಭರವಸೆ ಕೊಡುವವರ ಬಗೆಗೆ ಎಚ್ಚರವಿರಲಿ. ಎಲುಬಿನ ವೇಗವನ್ನು ನಾವು ಈಗಾಗಲೇ ಕಂಡಿದ್ದೇವೆ.

ಖರ್ಚು ಹೊರಲಾರದವರು ದಂತವೈದ್ಯ ಕಾಲೇಜುಗಳ ಆಸ್ಪತ್ರೆಗಳನ್ನು ಮರೆಯಬಾರದು. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು ೧೯೫೮ರಲ್ಲಿ ಆರಂಭವಾದುದು; ಮೈಸೂರಿನಲ್ಲಿಯೂ ದಂತವೈದ್ಯ ಕಾಲೇಜುಗಳುಂಟು. ಇಂತಹ ಕಡೆ ಸ್ನಾತಕೋತ್ತರ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಚಿಕಿತ್ಸೆ ನಡೆಸುವರು. ವೆಚ್ಚ ಖಾಸಗಿ ಚಿಕಿತ್ಸಾಲಯಕ್ಕಿಂತ ಸಾಮಾನ್ಯವಾಗಿ ಕಡಮೆ. ಮಂಡ್ಯ, ಮದ್ದೂರುಗಳಿಂದ ರೈಲಿನಲ್ಲಿಯೂ, ಮಳವಳ್ಳಿಯಿಂದ ಬನ್ನೂರಿನ ಮಾರ್ಗವಾಗಿ ಬಸ್ಸಿನಲ್ಲಿಯೂ ಮೈಸೂರಿಗೆ ಹೋಗಿ ಅಂದೇ ಹಿಂದಿರುಗಬಹುದು. ಆದರೆ ನಾಲ್ಕಾರು ವಾರಗಳಿಗೊಮ್ಮೆ, ಒಂದೂವರೆ ಎರಡು ವರ್ಷ ಹೀಗೆ ಹೋಗಿಬರಬೇಕು. ಪರೀಕ್ಷೆಗಳನ್ನೂ ಬಸ್ಸಿನ ಖರ್ಚನ್ನೂ ಲೆಕ್ಕಹಾಕಿಯೇ ಹೊರಡುವುದು ಮೇಲು. ಅರ್ಧದಲ್ಲಿ ಬಿಟ್ಟ ಚಿಕಿತ್ಸೆ ತೊಡಗದ ಚಿಕಿತ್ಸೆಗಿಂತ ಕೆಟ್ಟದ್ದು.

ಹಣ ಉಳಿಸಲೆಂದು ತಾವೇ ಹಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿಕೊಳ್ಳುವವರೂ ಉಂಟು. ಇದು ಅತ್ಯಂತ ಅಪಾಯಕರ. ಬಾಚಿಹಲ್ಲಿನ ಬೇರು ತುದಿಯತ್ತ ಚೂಪಾಗಿದೆ. ಬ್ಯಾಂಡು ಕಣ್ಣಿಗೆ ಕಾಣದಂತೆ ವಸಡಿನೊಳಕ್ಕೆ ಜಾರಿ, ಬೇರಿನ ಸುತ್ತಣ ಎಲುಬನ್ನು ಹಾಳುಮಾಡಿ, ಆರೋಗ್ಯವಾಗಿದ್ದ ಹಲ್ಲನ್ನೇ ಕಳೆಯುವುದು.

ಕಬ್ಬು, ವಡೆ, ಮುದ್ದೆ

ಕ್ಲಿಪ್ಪು ಹಾಕಿಸಿಕೊಂಡವರು ಊಟದಲ್ಲಿಯೂ ಎಚ್ಚರವಹಿಸಬೇಕು. ಕಬ್ಬಿನ ನಾಡಿನವರಿಗೆ ಮೊದಲ ನಿಷೇಧವೆಂದರೆ ಕಬ್ಬಿನ ಜಲ್ಲೆಯನ್ನು ಹಲ್ಲಿನಿಂದ ಸಿಗಿಯುವುದು. ಬ್ರಾಕೆಟ್ ಕಿತ್ತುಬರಲು ಅಷ್ಟೇ ಸಾಕು. ಗರಿಗರಿಯಾದ ಮದ್ದೂರು ವಡೆಯನ್ನು ಸಣ್ಣದಾಗಿ ಮುರಿದು ಹಿಂದಿನ ಹಲ್ಲುಗಳಿಂದ ಮೆಲ್ಲನೆ ಅಗಿಯಬೇಕು. ಚಕ್ಕುಲಿ, ಕೋಡುಬಳೆಗಳಿಗೂ ಇದೇ ನಿಯಮ. ರಾಗಿಮುದ್ದೆಗೆ ಮಾತ್ರ ಯಾವ ಅಡ್ಡಿಯೂ ಇಲ್ಲ; ಅದನ್ನು ಅಗಿಯದೆ ನುಂಗುವ ನಮ್ಮ ಪದ್ಧತಿ ತಂತಿ ಬಿಗಿಮಾಡಿದ ಮರುದಿನದ ನೋವಿನಲ್ಲಿ ವರವೇ ಸರಿ. ಬೆಲ್ಲ, ಮಿಠಾಯಿಗಳು ಬ್ರಾಕೆಟ್ಟಿನ ಸುತ್ತ ಅಂಟಿ ಉಳಿದರೆ ಸೂಕ್ಷ್ಮಜೀವಿಗಳು ಅವುಗಳಿಂದ ಆಮ್ಲವನ್ನು ಉಂಟುಮಾಡುವುವು; ಹಲ್ಲಿನ ಮೇಲೆ ಬಿಳಿಯ ಕಲೆಗಳು ಮೂಡಿ, ಮುಂದೆ ಹುಳುಕಾಗುವುದು. ಹಲ್ಲು ನೇರವಾಗಿ ಹುಳುಕಾದರೆ ಪ್ರಯೋಜನವೇನು? ಆದುದರಿಂದ ಪ್ರತಿ ಊಟದ ನಂತರವೂ ಬ್ರಷ್ಷಿನಿಂದ ಬ್ರಾಕೆಟ್ಟಿನ ಮೇಲೂ ಕೆಳಗೂ ಉಜ್ಜಬೇಕು.

ತಂತಿ ಬಿಚ್ಚಿದ ದಿನಕ್ಕೆ ಚಿಕಿತ್ಸೆ ಮುಗಿಯಿತೆಂದು ತಿಳಿಯಬಾರದು. ಹೊಸ ಎಲುಬು ಇನ್ನೂ ಎಳಸು; ತಂತುಪೊರೆಯ ನಾರುಗಳೂ ವಸಡಿನ ನಾರುಗಳೂ ಹಲ್ಲನ್ನು ಹಳೆಯ ಎಡೆಗೆ ಎಳೆಯುತ್ತಲೇ ಇರುವುವು. ಅದನ್ನು ತಡೆಯಲು ರಿಟೇನರ್ ಎಂಬ ಸಾಧನವನ್ನು ವೈದ್ಯರು ಹೇಳಿದಷ್ಟು ಕಾಲ, ಹಲವೊಮ್ಮೆ ರಾತ್ರಿಯ ವೇಳೆ ವರ್ಷಗಟ್ಟಲೆ, ಧರಿಸಬೇಕು. ಹಲ್ಲುಗಳು ಮತ್ತೆ ಸೊಟ್ಟಗಾದುವೆಂದು ಗೋಳಿಡುವವರಲ್ಲಿ ಬಹುಮಂದಿ ಇದನ್ನು ಪೆಟ್ಟಿಗೆಯಲ್ಲಿಟ್ಟು ಮರೆತವರು.

ಹಳ್ಳಿಯ ಹುಡುಗಿಯೊಬ್ಬಳು ಬಾಯಿಗೆ ಅಡ್ಡ ಹಿಡಿದ ಕೈಯನ್ನು ತೆಗೆದು ನಗುವಂತಾಗುವುದು ಸಣ್ಣ ಲಾಭವಲ್ಲ. ಅದನ್ನು ಸಾಧಿಸುವ ಶಕ್ತಿ ಅವಳ ದವಡೆಯ ಎಲುಬಿನಲ್ಲಿಯೇ ಇದೆ. ಆ ಶಕ್ತಿಯನ್ನು ಅರಿತು, ಆತುರಪಡದೆ, ಮೃದುವಾಗಿ ದಾರಿ ತೋರುವ ತಜ್ಞನನ್ನು ಆರಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.