‘ಪಾಪ’ ಎನ್ನುವ ಮುನ್ನ

ಕನ್ನಡದಲ್ಲಿ ‘ಪಾಪ’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ಒಂದು, ದೇವರ ಚಿತ್ತಕ್ಕೆ ವಿರುದ್ಧವಾದ ಕೃತ್ಯ. ಇನ್ನೊಂದು, ಕನಿಕರದ ಉದ್ಗಾರ. ಊರುಗೋಲು ಹಿಡಿದ ಸಹಪಾಠಿ ಕಾಲೇಜಿನ ಮೆಟ್ಟಿಲೇರುವಾಗ ನಮ್ಮ ಯುವಜನರ ಬಾಯಿಂದ ಹೊರಡುವುದು ಈ ಎರಡನೆಯದು. ಬಸ್ಸು ಹತ್ತುವಾಗ ಅವನಿಗೆ ಕೈನೀಡುವವರು ಹಲವರು. ಚಹಾ ಕುಡಿಯಲು, ಪ್ರವಾಸಕ್ಕೆ, ನಾಟಕದ ತಾಲೀಮಿಗೆ ಕರೆಯುವವರು ಎಷ್ಟು ಮಂದಿ?

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಮಕ್ಕಳಲ್ಲಿ ಅನೇಕರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯ ಕಾಲೇಜುಗಳಲ್ಲಿ ಪದವಿ ವ್ಯಾಸಂಗ ಮಾಡುತ್ತಾರೆ. ಕಾಡಂಚಿನ ಹಳ್ಳಿಗಳಿಂದ ಬಂದು ಓದುವುದು ಯಾರಿಗೂ ಸುಲಭವಲ್ಲ; ವಿಕಲಚೇತನ ವಿದ್ಯಾರ್ಥಿಗೆ ಅದು ದಿನನಿತ್ಯದ ಹೋರಾಟ. 1995ರ ಕೇಂದ್ರ ಕಾಯಿದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿ, ಸರ್ಕಾರಿ ಹಾಗೂ ಅನುದಾನಿತ ವಿದ್ಯಾಸಂಸ್ಥೆಗಳಲ್ಲಿ ಶೇ. 3ರಷ್ಟು ಸ್ಥಾನಗಳನ್ನು ಮೀಸಲಿರಿಸಿತು. ಅದರ ಬದಲಿಗೆ ಬಂದ 2016ರ ಕಾಯಿದೆಯಲ್ಲಿ 21 ಬಗೆಗಳಿವೆ. ಅಂಥ ಸಂಸ್ಥೆಗಳ ಉನ್ನತ ಶಿಕ್ಷಣದಲ್ಲಿ ಮೀಸಲಾತಿ ಕನಿಷ್ಠ ಶೇ. 5.

ಕಾನೂನು ತರಗತಿಯಲ್ಲಿ ಸ್ಥಾನ ಕೊಡಬಲ್ಲದು; ಪಕ್ಕದಲ್ಲಿ ಗೆಳೆಯನನ್ನು ಕೂರಿಸಲಾರದು. ಸ್ವತಃ ಬರೆಯಲಾಗದವರಿಗೆ ಪರೀಕ್ಷೆಯಲ್ಲಿ ಬರೆದುಕೊಡುವವರ ನೆರವು, ಗಂಟೆಗೆ 20 ನಿಮಿಷಗಳ ಹೆಚ್ಚುವರಿ ಕಾಲಾವಕಾಶ ನೀಡಬೇಕೆಂಬ ನಿಯಮ 2013ರಲ್ಲಿಯೇ ಬಂದಿದೆ. ಇದು ಹಕ್ಕು, ಭಿಕ್ಷೆಯಲ್ಲ. ಆದರೂ ಇಂದು ‘ಪಾಪ’ ಎಂದ ಬಾಯಿಯೇ ನಾಳೆ ಅಂಕಪಟ್ಟಿ ಬಂದಾಗ ‘ಅವನಿಗೇಕೆ ಹೆಚ್ಚು ಸಮಯ?’ ಎನ್ನಬಹುದು. ಸಮಾನನೆಂದು ಒಪ್ಪದ ಕನಿಕರವು ಅಸೂಯೆಯಾಗಲು ಬಹಳ ಹೊತ್ತು ಬೇಕಿಲ್ಲ.

ಸಂತ ಯೊವಾನ್ನನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನನ್ನು ಕಂಡ ಶಿಷ್ಯರು, ಇದು ಯಾರ ಪಾಪದ ಫಲವೆಂದು ಕೇಳುತ್ತಾರೆ. ಇವನದೂ ಅಲ್ಲ, ಇವನ ಹೆತ್ತವರದೂ ಅಲ್ಲ ಎಂಬುದು ಯೇಸುಸ್ವಾಮಿಯ ಉತ್ತರ. ಮುಂದೆ ವಿಚಾರಣೆ ನಡೆದಾಗ, ಮಗನು ಪ್ರಾಯಸ್ಥನಾದ್ದರಿಂದ ಅವನನ್ನೇ ಕೇಳಬೇಕೆಂದು ಹೆತ್ತವರು ಹೇಳುತ್ತಾರೆ. ಅವರು ಭಯದಿಂದ ಹಾಗೆ ನುಡಿದರೂ ಆ ಮಾತಿನಲ್ಲಿ ನಮಗೊಂದು ಪಾಠವಿದೆ. ಯಾವ ನೆರವು ಬೇಕು, ಯಾವುದು ಬೇಡ ಎಂಬುದನ್ನು ನಾವೇ ತೀರ್ಮಾನಿಸದೆ ಅವನನ್ನೇ ಕೇಳೋಣ.

ಮಕ್ಕಳು ಈ ನಡೆಯನ್ನು ಕಲಿಯುವುದು ಕಾಲೇಜಿಗಿಂತ ಮೊದಲು ಮನೆಯಲ್ಲಿ. ಇಂದು ರಾತ್ರಿ ಊಟಕ್ಕೆ ಕುಳಿತಾಗ ತಂದೆತಾಯಂದಿರು ಮಗನನ್ನೋ ಮಗಳನ್ನೋ ಒಂದು ಮಾತು ಕೇಳಲಿ: ‘ನಿನ್ನ ಆ ಸಹಪಾಠಿಯನ್ನು ಬರುವ ಭಾನುವಾರ ನಮ್ಮ ಮನೆಗೆ ಊಟಕ್ಕೆ ಕರೆಯುವೆಯಾ?’