ಚಂಡಮಾರುತದ ಬಾಲಗಾಳಿ: ಬೆಳೆ ನೆಲಕಚ್ಚದಂತೆ ಕಾಪಾಡುವುದು ಹೇಗೆ?

ಕಾರ್ತಿಕ ಮಾಸ ಮುಗಿಯುತ್ತಾ ಬಂದಂತೆ ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ನಾಲಾ ಬಯಲಿನಲ್ಲಿ ಭತ್ತದ ತೆನೆ ಬಾಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಖುಷ್ಕಿಯಲ್ಲಿ ರಾಗಿ ಕೊಯ್ಲು ನಡೆದಿರುತ್ತದೆ. ವರ್ಷದ ದುಡಿಮೆ ಕೈಗೆ ಬರುವ ಈ ಹೊತ್ತಿನಲ್ಲೇ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳೂ ಏಳುತ್ತವೆ. ಒಂದು ಚಂಡಮಾರುತ ತಮಿಳುನಾಡಿನ ಕರಾವಳಿಯನ್ನು ದಾಟಿತೆಂದರೆ, ಒಂದೆರಡು ದಿನಗಳಲ್ಲಿ ನಮ್ಮಲ್ಲಿ ಮೋಡ ಕವಿದು, ಜಡಿಮಳೆ ಹಿಡಿದು, ಗಾಳಿ ಬೀಸುವುದುಂಟು. "ಸೈಕ್ಲೋನು ಹಿಡಿದುಕೊಂಡಿತು" ಎಂದು ನೀವು ಹೇಳುವುದು ಇದನ್ನೇ.

2024ರಲ್ಲಿ ಆದದ್ದೂ ಹೀಗೆಯೇ. ಫೆಂಗಲ್ ಚಂಡಮಾರುತ ನವೆಂಬರ್ 30ರಂದು ಪುದುಚೇರಿಯ ಬಳಿ ನೆಲಕ್ಕೆ ಬಂದಿತು. ಅಲ್ಲಿಂದ ಬಲ ಕುಂದುತ್ತಾ ಪಶ್ಚಿಮಕ್ಕೆ ಸರಿದು, ಡಿಸೆಂಬರ್ 3ರ ವೇಳೆಗೆ ಅದರ ಅವಶೇಷ ಅರಬ್ಬಿ ಸಮುದ್ರ ಸೇರಿತು. ಈ ನಡುವೆ ನಮ್ಮ ಜಿಲ್ಲೆಯಲ್ಲೂ ಕೊಯ್ಲಿನ ಕಾಲಕ್ಕೆ ಮಳೆ ಸುರಿಯಿತು. ಬಂಗಾಳ ಕೊಲ್ಲಿ ಇಲ್ಲಿಗೆ 300 ಕಿ.ಮೀ.ಗೂ ಹೆಚ್ಚು ದೂರ. ಹಾಗಿರುವಾಗ ಅಲ್ಲಿಯ ಗಾಳಿ ನಮ್ಮ ಬೆಳೆಯನ್ನು ಕೆಡವುವುದು ಹೇಗೆ? ಇದಕ್ಕೆ ಉತ್ತರ ತಿಳಿದರೆ ರಕ್ಷಣೆಯ ದಾರಿಯೂ ತಿಳಿಯುತ್ತದೆ.

ಗಾಳಿಯ ಬಲ ಎಷ್ಟು ಉಳಿದಿರುತ್ತದೆ?

ಚಂಡಮಾರುತಕ್ಕೆ ಆಹಾರ ಬೆಚ್ಚಗಿನ ಸಮುದ್ರದಿಂದೇಳುವ ನೀರಾವಿ. ನೆಲಕ್ಕೆ ಬಂದೊಡನೆ ಆ ಆಹಾರ ನಿಲ್ಲುತ್ತದೆ. ಗುಡ್ಡ, ಮರ, ಮನೆಗಳ ತಡೆಯಿಂದ ವೇಗವೂ ಕುಗ್ಗುತ್ತದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಾಳಿಯ ವೇಗ ಗಂಟೆಗೆ 63 ಕಿ.ಮೀ. ಮುಟ್ಟಿದರೆ ಮಾತ್ರ ಅದು ಚಂಡಮಾರುತ. 31ರಿಂದ 50 ಕಿ.ಮೀ. ಇದ್ದರೆ ವಾಯುಭಾರ ಕುಸಿತ. ನಮ್ಮ ಸೀಮೆಗೆ ಬರುವುದು ಸಾಮಾನ್ಯವಾಗಿ ಈ ಕುಸಿತ, ಇಲ್ಲವೇ ಅದಕ್ಕಿಂತಲೂ ದುರ್ಬಲವಾದ ಅವಶೇಷ.

ಗಾಳಿಯ ವೇಗ ಮೂರರಲ್ಲಿ ಒಂದಾದರೆ, ಅದು ಗಿಡವನ್ನು ತಳ್ಳುವ ಬಲ ಒಂಬತ್ತರಲ್ಲಿ ಒಂದಾಗುತ್ತದೆ. 2018ರ ನವೆಂಬರ್‌ನಲ್ಲಿ ಗಜ ಚಂಡಮಾರುತವು ತಮಿಳುನಾಡಿನ ಕರಾವಳಿ ಜಿಲ್ಲೆಗಳಲ್ಲಿ ತೆಂಗಿನ ತೋಟಗಳನ್ನೇ ಉರುಳಿಸಿತು. ನಮಗೆ ಬರುವ ಬಾಲಗಾಳಿಗೆ ಅಂಥ ಶಕ್ತಿಯಿಲ್ಲ. ಆದರೂ ಬೆಳೆ ಬೀಳುತ್ತದೆ, ಏಕೆಂದರೆ ಬೀಳಲು ಅದು ಮೊದಲೇ ಸಿದ್ಧವಾಗಿರುತ್ತದೆ:

1. ಬಿಡದೆ ಸುರಿದ ಸೋನೆಯಿಂದ ಮಣ್ಣು ಮೆತ್ತಗಾಗಿ ಬೇರಿನ ಹಿಡಿತ ಸಡಿಲವಾಗಿರುತ್ತದೆ.

2. ಮಾಗಿದ ತೆನೆ, ಬಲಿತ ಗೊನೆ ಮಳೆನೀರಿನಿಂದ ತೊಯ್ದು ಇನ್ನಷ್ಟು ತೂಗುತ್ತವೆ.

3. ಅತಿಯಾದ ಯೂರಿಯಾದಿಂದ ಬೆಳೆದ ಕಾಂಡ ಉದ್ದವಾಗಿ, ಮೆದುವಾಗಿರುತ್ತದೆ.

ಗಾಳಿ ಕೊನೆಯ ನೂಕು ನೂಕುತ್ತದೆ, ಅಷ್ಟೇ. ಗಾಳಿಯನ್ನು ತಡೆಯುವುದು ನಮ್ಮ ಕೈಲಿಲ್ಲ. ಈ ಮೂರನ್ನು ಸರಿಪಡಿಸುವುದು ಬಹುಮಟ್ಟಿಗೆ ನಮ್ಮ ಕೈಲಿದೆ.

ಮತ್ತೊಂದು ಸಂಗತಿ. ನಮ್ಮ ಭಾಗದಲ್ಲಿ ಚಂಡಮಾರುತದ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಅದರ ಕೇಂದ್ರ ನಮ್ಮಿಂದ ಉತ್ತರಕ್ಕೆ ಹಾದುಹೋದರೆ ಗಾಳಿ ವಾಯವ್ಯ, ಪಶ್ಚಿಮ, ನೈಋತ್ಯ ಎಂದು ದಿಕ್ಕು ಬದಲಿಸುತ್ತದೆ. ದಕ್ಷಿಣಕ್ಕೆ ಹಾದುಹೋದರೆ ಈಶಾನ್ಯ, ಪೂರ್ವ, ಆಗ್ನೇಯ ಎಂದು ತಿರುಗುತ್ತದೆ. ಆದ್ದರಿಂದ ಒಂದೇ ಕಡೆಯ ಆಸರೆಯನ್ನು ನಂಬಬಾರದು.

ಭತ್ತ

ನೀರಾವರಿ ಭತ್ತಕ್ಕೆ ಎಕರೆಗೆ 40 ಕೆ.ಜಿ. ಸಾರಜನಕ ಸಾಕು. ಅದನ್ನು ಕಂತುಗಳಲ್ಲಿ ಕೊಡಿ, ಜೊತೆಗೆ ಪೊಟ್ಯಾಷ್ ಗೊಬ್ಬರವನ್ನು ತಪ್ಪಿಸಬೇಡಿ. ಪಕ್ಕದ ಗದ್ದೆ ಹೆಚ್ಚು ಹಸಿರಾಗಿದೆಯೆಂದು ಕೊನೆಯಲ್ಲಿ ಮತ್ತೊಂದು ಚೀಲ ಯೂರಿಯಾ ಎರಚಿದರೆ ಬೆಳೆಯನ್ನು ಮಲಗಿಸಲು ನೀವೇ ಹಾಸಿಗೆ ಹಾಸಿದಂತೆ.

ಕೊಯ್ಲಿಗೆ ಸುಮಾರು 10 ದಿನ ಮೊದಲು ಗದ್ದೆಯ ನೀರನ್ನು ಬಸಿದು ಬಿಡಿ. ಮಳೆಯ ಮುನ್ಸೂಚನೆ ಬಂದೊಡನೆ ಬಸಿಗಾಲುವೆಯ ಹೂಳು, ಕಸ ತೆಗೆಯಿರಿ. ತೆನೆಯಲ್ಲಿ ನೂರಕ್ಕೆ 80 ಕಾಳು ಮಾಗಿದ್ದರೆ, ಮಳೆ ಬರುವ ಮೊದಲೇ ಕೊಯ್ದು ಒಕ್ಕಣೆ ಮುಗಿಸಿ. ಉಳಿದ ಕಾಳು ಮಾಗಲೆಂದು ಕಾದು, ಇಡೀ ಗದ್ದೆ ಕಳೆದುಕೊಳ್ಳುವುದು ಜಾಣತನವಲ್ಲ. ಬಿದ್ದ ಬೆಳೆಯಲ್ಲಿ ಕೊಯ್ಲು ಯಂತ್ರ ನಿಧಾನವಾಗಿ ಸಾಗುತ್ತದೆ, ಬಾಡಿಗೆಯ ಗಂಟೆಗಳು ಏರುತ್ತವೆ. ಆದರೆ ಕಾಳು ಇನ್ನೂ ಹಾಲು ತುಂಬುವ ಹಂತದಲ್ಲಿದ್ದರೆ ಕೊಯ್ಯಬೇಡಿ; ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು.

ಬಾಳೆ

ಬಾಳೆಯ ದಿಂಡು ಮರದ ಕಾಂಡವಲ್ಲ, ಎಲೆಯ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡದ್ದು. ಬೇರುಗಳೂ ಬಹುಪಾಲು ಮೇಲಿನ ಒಂದಡಿ ಮಣ್ಣಿನಲ್ಲೇ ಇರುತ್ತವೆ. ಪನಾಮಾ ಸೊರಗು ರೋಗದಿಂದ ಮೊದಲೇ ವಿರಳವಾಗಿರುವ ನಂಜನಗೂಡು ರಸಬಾಳೆಯನ್ನಂತೂ ಗಾಳಿಗೆ ಒಪ್ಪಿಸಬಾರದು. ಮಳೆಗಾಲ ಮುಗಿಯುವುದರೊಳಗೆ ಬುಡಕ್ಕೆ ಮಣ್ಣೇರಿಸಿ. ಗೊನೆ ಬಂದ ಗಿಡಕ್ಕೆ ಎರಡು ಬಿದಿರು ಅಥವಾ ಸರ್ವೆ ಗಳುಗಳನ್ನು ಕತ್ತರಿಯಾಕಾರದಲ್ಲಿ ಕಟ್ಟಿ, ಗಿಡ ವಾಲುವ ಕಡೆಗೆ ಆಸರೆ ಕೊಡಿ. ಅಕ್ಕಪಕ್ಕದ ಸಾಲಿನ ಗಿಡಗಳನ್ನು ಹಗ್ಗದಿಂದ ಒಂದಕ್ಕೊಂದು ಬಿಗಿದರೆ ಗಾಳಿ ದಿಕ್ಕು ಬದಲಿಸಿದರೂ ತಡೆಯುತ್ತವೆ.

ತೋಟದ ಅಂಚಿಗೆ ಅಗಸೆ, ಗ್ಲಿರಿಸಿಡಿಯಾ, ಸಿಲ್ವರ್ ಓಕ್ ಸಾಲು ಬೆಳೆಸುವುದು ಶಾಶ್ವತ ಉಪಾಯ. ಗಾಳಿತಡೆಯು ತನ್ನ ಎತ್ತರದ ಹತ್ತು ಪಟ್ಟು ದೂರದವರೆಗೆ ಚೆನ್ನಾಗಿ ರಕ್ಷಣೆ ಕೊಡುತ್ತದೆ. ಗೋಡೆಯಂತೆ ಒತ್ತಾಗಿರುವುದಕ್ಕಿಂತ ಸ್ವಲ್ಪ ಗಾಳಿಯಾಡುವ ಸಾಲೇ ಮೇಲು. ಗೋಡೆಯನ್ನು ಹಾರಿದ ಗಾಳಿ ಆಚೆ ಬದಿಯಲ್ಲಿ ಸುಳಿಯಾಗುತ್ತದೆ. ಇದೇ ಸಾಲು ಏಪ್ರಿಲ್-ಮೇ ತಿಂಗಳ ಬಿರುಗಾಳಿಗೂ ತಡೆ.

ಕಬ್ಬು ಮತ್ತು ರಾಗಿ

ಕಬ್ಬಿಗೆ ಬುಡದ ಮಣ್ಣು ಚೆನ್ನಾಗಿ ಏರಿಸಿ. ಒಣ ತರಗು ಸುಲಿದು, ಎದುರುಬದುರು ಸಾಲಿನ ಜಲ್ಲೆಗಳನ್ನು ಅದೇ ತರಗಿನಿಂದ ಸೇರಿಸಿ ಕಟ್ಟಿ. ಕೊಯ್ದ ರಾಗಿಯನ್ನು ಹೊಲದಲ್ಲಿ ಹರಡಿ ಬಿಡಬೇಡಿ. ಎತ್ತರದ ಜಾಗದಲ್ಲಿ ಮೆದೆ ಹಾಕಿ, ಮೇಲೆ ಟಾರ್ಪಾಲು ಹೊದಿಸಿ.

ಬಿದ್ದ ಮೇಲೆ

ಭತ್ತ ಮಲಗಿದರೆ ಮೊದಲು ನೀರು ಹೊರಗೆ ಬಿಡಿ. ನಾಲ್ಕಾರು ಬುಡಗಳನ್ನು ಎತ್ತಿ ಸೇರಿಸಿ ಕಟ್ಟಿದರೆ ತೆನೆ ಕೆಸರಿನಿಂದ ಮೇಲೇಳುತ್ತದೆ. ಮಾಗಿದ ತೆನೆ ಮೊಳೆಯುವ ಭಯವಿದ್ದರೆ ಮಳೆ ಬಿಡುವು ಕೊಟ್ಟಾಗ 10 ಲೀಟರ್ ನೀರಿಗೆ ಅರ್ಧ ಕೆ.ಜಿ. ಅಡುಗೆ ಉಪ್ಪು ಕರಗಿಸಿ ತೆನೆಗೆ ಸಿಂಪಡಿಸಿ. ಇಂಥ ಬೆಳೆಯಿಂದ ಬಿತ್ತನೆ ಬೀಜ ಉಳಿಸಿಕೊಳ್ಳಬೇಡಿ.

ಫಸಲ್ ಬಿಮಾ ಮಾಡಿಸಿದವರು ಒಂದು ಮಾತು ನೆನಪಿಡಬೇಕು. ಕೊಯ್ದು ಹೊಲದಲ್ಲೇ ಒಣಗಲು ಬಿಟ್ಟ ಬೆಳೆ ಎರಡು ವಾರದೊಳಗೆ ಚಂಡಮಾರುತದ ಮಳೆಗೆ ಅಥವಾ ಅಕಾಲಿಕ ಮಳೆಗೆ ಸಿಕ್ಕಿ ಹಾಳಾದರೆ, 72 ಗಂಟೆಗಳೊಳಗೆ ವಿಮಾ ಕಂಪನಿಗೆ, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ತಿಳಿಸತಕ್ಕದ್ದು. "ಮಳೆ ನಿಲ್ಲಲಿ, ಆಮೇಲೆ ನೋಡೋಣ" ಎಂದರೆ ಗಡುವು ಮೀರುತ್ತದೆ.

ಚಂಡಮಾರುತ ಪೂರ್ವ ಕರಾವಳಿ ಮುಟ್ಟುವ ಸುದ್ದಿ ಈಗ ದಿನಗಳ ಮೊದಲೇ ಸಿಗುತ್ತದೆ. ಅದು ನೆಲ ಹತ್ತಿದ ಮೇಲೂ ನಮಗೆ ಒಂದೆರಡು ದಿನ ಉಳಿದಿರುತ್ತದೆ. ವಿಶಾಖ, ಅನೂರಾಧ ಮಳೆಗಳ ಕಾಲದಲ್ಲಿ ದಿನವೂ ಹವಾಮಾನ ಮುನ್ಸೂಚನೆ ಕೇಳಿ. ಸಂದೇಹವಿದ್ದರೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರವನ್ನೋ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೋ ವಿಚಾರಿಸಿ. ಗದ್ದೆಯ ನೀರು ಬಸಿಯಲು, ಬಾಳೆಗೆ ಗಳು ಕಟ್ಟಲು, ರಾಗಿ ಮೆದೆ ಮುಚ್ಚಲು ಆ ಎರಡು ದಿನ ಸಾಲುತ್ತದೆ.