‘ಕರಗಿತು’ ಎಂದರೆ ಏನಾಯಿತು? – ನೀರಿನ ಪಾಠವೂ ಕನ್ನಡದ ಕ್ರಿಯಾಪದಗಳೂ

ನೀರಿಗೆ ಘನ, ದ್ರವ, ಅನಿಲವೆಂಬ ಮೂರು ಸ್ಥಿತಿಗಳುಂಟು. ಕಾಯಿಸಿದರೆ, ತಂಪುಮಾಡಿದರೆ ಒಂದು ಸ್ಥಿತಿ ಮತ್ತೊಂದಾಗುತ್ತದೆ. ಪ್ರಾಥಮಿಕ ಶಾಲೆಯ ಪಾಠಗಳಲ್ಲಿ ಇಷ್ಟು ಸರಳವಾಗಿ ತೋರುವ ಪಾಠ ಇನ್ನೊಂದಿಲ್ಲ. ಆದರೆ ಮಕ್ಕಳ ಮನಸ್ಸಿನಲ್ಲಿ ಅದು ಅಷ್ಟು ಸರಳವಾಗಿ ಇಳಿಯುವುದಿಲ್ಲ. 1983ರಲ್ಲಿ ನ್ಯೂಜಿಲೆಂಡಿನ ಆಸ್ಬಾರ್ನ್ ಮತ್ತು ಕಾಸ್‌ಗ್ರೋವ್ ಎಂಬ ಸಂಶೋಧಕರು ಇದೇ ವಿಷಯದಲ್ಲಿ ಮಕ್ಕಳನ್ನು ಮಾತನಾಡಿಸಿ ಒಂದು ಅಧ್ಯಯನ ಪ್ರಕಟಿಸಿದರು. ಕುದಿಯುವ ನೀರಿನ ಗುಳ್ಳೆಗಳಲ್ಲಿರುವುದು ಗಾಳಿ ಎಂದು ಕೆಲವರು, ಬಿಸಿ ಎಂದು ಕೆಲವರು ಹೇಳಿದರು. ಅದು ನೀರೇ, ಆವಿಯ ರೂಪದ ನೀರು, ಎಂಬ ಉತ್ತರ ಪಾಠ ಕಲಿತವರಿಗೂ ಸುಲಭವಾಗಿರಲಿಲ್ಲ.

ಈ ತೊಡಕಿಗೆ ಭಾಷೆಯ ಮುಖವೊಂದಿದೆ. ಅದು ನಿಚ್ಚಳವಾಗಿ ಕಾಣುವುದು ರಾಯದುರ್ಗ, ಮಡಕಶಿರಾಗಳಂಥ ಗಡಿನಾಡಿನಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆಲೂರು, ಆದವಾನಿ, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿದವು. ರಾಯದುರ್ಗ ಅನಂತಪುರ ಜಿಲ್ಲೆಯ ಭಾಗವಾಯಿತು. ತುಮಕೂರು ಜಿಲ್ಲೆಗೆ ಅಂಟಿಕೊಂಡಿರುವ ಮಡಕಶಿರಾ 2022ರ ಏಪ್ರಿಲ್‌ವರೆಗೆ ಅದೇ ಜಿಲ್ಲೆಯಲ್ಲಿದ್ದು, ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಇಲ್ಲಿನ ಕನ್ನಡ ಮಾಧ್ಯಮದ ಮಗು ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪುಸ್ತಕದಲ್ಲಿ ಸಂಸ್ಕೃತಮೂಲದ ಪಾರಿಭಾಷಿಕ ಪದಗಳು – ಹೀಗೆ ಮೂರು ನುಡಿಗಳ ನಡುವೆ ನೀರನ್ನು ಅರಿಯಬೇಕಾಗುತ್ತದೆ.

ಮೊದಲು ‘ಕರಗು’ ಎಂಬ ಕ್ರಿಯಾಪದವನ್ನು ನೋಡಬಹುದು. ಐಸ್‌ಗಡ್ಡೆ ಕರಗುತ್ತದೆ; ಸಕ್ಕರೆಯೂ ನೀರಿನಲ್ಲಿ ಕರಗುತ್ತದೆ. ಕನ್ನಡಕ್ಕೆ ಎರಡೂ ಒಂದೇ. ತೆಲುಗಿನ ‘ಕರುಗು’ ಎಂಬುದೂ ಹೀಗೆಯೇ ಎರಡು ಕಡೆಯೂ ಸಲ್ಲುತ್ತದೆ. ಮರಾಠಿಯಲ್ಲಾದರೋ ಗಡ್ಡೆಗೆ ‘ವಿತಳಣೇ’, ಸಕ್ಕರೆಗೆ ‘ವಿರಘಳಣೇ’ ಎಂದು ಬೇರೆ ಬೇರೆ ಪದಗಳಿವೆ. ಮರಾಠಿ ಮಗುವಿಗೆ ಭಾಷೆಯೇ ಅರ್ಧ ಪಾಠ ಹೇಳಿಕೊಟ್ಟಿರುತ್ತದೆ. ಕನ್ನಡದಲ್ಲಿ ಆ ಕೆಲಸವನ್ನು ಅಧ್ಯಾಪಕರು ಮಾಡಬೇಕು. ಒಂದು ಬಟ್ಟಲಿನಲ್ಲಿ ಐಸ್ ತುಂಡು, ಎರಡನೆಯದರಲ್ಲಿ ಬರಿಯ ಕಲ್ಲುಸಕ್ಕರೆ, ಮೂರನೆಯದರಲ್ಲಿ ನೀರು ಬೆರೆತ ಕಲ್ಲುಸಕ್ಕರೆ ಇಟ್ಟರೆ ಸಾಕು. ಐಸ್ ತುಂಡು ಸುತ್ತಲಿನ ಬಿಸುಪಿನಿಂದ ತಾನೇ ನೀರಾಗುತ್ತದೆ. ಬರಿಯ ಕಲ್ಲುಸಕ್ಕರೆ ಹಾಗೆಯೇ ಉಳಿಯುತ್ತದೆ. ಮೂರನೆಯದು ನೀರಿನ ಜೊತೆ ಸಿಕ್ಕಿದ್ದರಿಂದ ಕರಗುತ್ತದೆ. ಒಂದಕ್ಕೆ ಬಿಸಿ ಸಾಕು, ಇನ್ನೊಂದಕ್ಕೆ ಜೊತೆ ಬೇಕು. ಮೊದಲನೆಯದು ಸ್ಥಿತಿಯ ಬದಲಾವಣೆ, ಎರಡನೆಯದು ದ್ರಾವಣ. ‘ಸಕ್ಕರೆಯೂ ದ್ರವವಾಯಿತು’ ಎಂದು ಮಗು ಬರೆದರೆ ಅದು ದಡ್ಡತನವಲ್ಲ. ತನ್ನ ನುಡಿಯನ್ನು ನಂಬಿದ್ದರ ಫಲ.

‘ಆರು’ ಎಂಬ ಪದದ್ದು ಇದಕ್ಕೆ ವಿರುದ್ಧವಾದ ಕಥೆ. ಬಟ್ಟೆ ಆರುತ್ತದೆ, ಅನ್ನ ಆರುತ್ತದೆ, ದೀಪ ಆರುತ್ತದೆ. ಮರಾಠಿ ಇವಕ್ಕೆ ‘ವಾಳಣೇ’, ‘ನಿವಣೇ’, ‘ವಿಝಣೇ’ ಎಂದು ಮೂರು ಪದಗಳನ್ನು ಬಳಸುತ್ತದೆ. ಹಳಗನ್ನಡದಲ್ಲಿ ಶಕಟರೇಫದ ‘ಆಱು’ ಆಗಿದ್ದ ಈ ಪದ ಒಣಗುವುದನ್ನೂ ತಣಿಯುವುದನ್ನೂ ಒಂದಾಗಿ ಹಿಡಿದಿದೆ. ಇಲ್ಲಿ ಭಾಷೆ ದಾರಿ ತಪ್ಪಿಸುವುದಿಲ್ಲ, ಬದಲಾಗಿ ದಾರಿ ತೋರುತ್ತದೆ. ನೀರು ಆವಿಯಾಗಲು ಶಾಖ ಬೇಕು. ತಾನಿರುವ ಜಾಗದಿಂದಲೇ ಅದನ್ನು ಸೆಳೆದುಕೊಳ್ಳುವುದರಿಂದ ಆ ಜಾಗ ತಂಪಾಗುತ್ತದೆ. ಕುದಿಯುವ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 540 ಕ್ಯಾಲೊರಿ ಶಾಖ ಬೇಕು. ಒಂದು ಗ್ರಾಂ ಮಂಜುಗಡ್ಡೆ ನೀರಾಗಲು 80 ಸಾಕು. ಬೇಸಿಗೆಯ ಮಡಕೆಯ ನೀರು ತಣ್ಣಗಿರುವುದು ಇದರಿಂದಲೇ. ರಾಯದುರ್ಗದ ಒಣಗಾಳಿಯಲ್ಲಿ ಮಡಕೆಯ ಮೈಯಿಂದ ನೀರು ಬೇಗ ಆರುತ್ತದೆ, ಆದ್ದರಿಂದ ಒಳಗಿನ ನೀರೂ ಚೆನ್ನಾಗಿ ಆರುತ್ತದೆ. ಮಗು ದಿನವೂ ಆಡುವ ಪದದಲ್ಲೇ ಪಾಠದ ಬೀಜವಿದೆ.

ಹೀಗೆಯೇ ನೀರು ಕಾಣದಾಗುವುದಕ್ಕೆ ಕನ್ನಡದಲ್ಲಿ ಸೂಕ್ಷ್ಮವಾದ ಪದಗಳಿವೆ. ಮಳೆನೀರು ನೆಲಕ್ಕೆ ‘ಇಂಗುತ್ತದೆ’, ಕೆರೆ ‘ಬತ್ತುತ್ತದೆ’. ಇಂಗಿದ ನೀರು ಕೆಳಗಿಳಿದಿದೆ. ಬತ್ತಿದ ಕೆರೆಯ ನೀರಿನಲ್ಲಿ ಬಹುಪಾಲು ಮೇಲೇರಿದೆ. ಅನಂತಪುರ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಇಲ್ಲಿನ ಬಿಸಿಲು ಅದಕ್ಕಿಂತ ಬಹಳ ಹೆಚ್ಚು ನೀರನ್ನು ಆವಿಯಾಗಿಸಬಲ್ಲುದು. ಹಗರಿಯ ಮೇಲಿನ ಭೈರವಾನಿತಿಪ್ಪ ಜಲಾಶಯದ ನೀರು ಎಲ್ಲಿ ಹೋಯಿತು ಎಂಬ ಪ್ರಶ್ನೆ ಇಲ್ಲಿನ ಮಗುವಿಗೆ ಪುಸ್ತಕದ ಪ್ರಶ್ನೆಯಲ್ಲ, ಊರಿನ ಪ್ರಶ್ನೆ.

ಇನ್ನು ಕೆಲವು ಪದಗಳು ಎಚ್ಚರ ಬೇಡುತ್ತವೆ. ಇಡ್ಲಿ ಪಾತ್ರೆಯಿಂದ ಏಳುವ ಬೆಳ್ಳನೆಯ ಹೊಗೆಯಂಥದನ್ನು ಮನೆಯಲ್ಲಿ ‘ಹಬೆ’ ಎಂದೂ ‘ಆವಿ’ ಎಂದೂ ಕರೆಯುತ್ತಾರೆ. ವಿಜ್ಞಾನದ ನೀರಾವಿ ಕಣ್ಣಿಗೆ ಕಾಣದು; ಕಾಣುವುದು ಆವಿ ತಣಿದು ಮೂಡಿದ ಸಣ್ಣ ಹನಿಗಳು. ಮಾರ್ಗಶಿರದ ಮುಂಜಾನೆಯ ‘ಮಂಜು’ ಹನಿಗಳ ಗುಂಪು, ‘ಮಂಜುಗಡ್ಡೆ’ ಘನ. ತೆಲುಗಿನ ‘ಮಂಚು’ ಎರಡಕ್ಕೂ ಸಲ್ಲುತ್ತದೆ. ‘ಹೆಪ್ಪುಗಟ್ಟು’ ಎಂಬ ಪದ ಹಾಲಿನಿಂದ ಬಂದದ್ದು. ಆದರೆ ಮೊಸರು ಮತ್ತೆ ಹಾಲಾಗದು, ಮಂಜುಗಡ್ಡೆ ಮತ್ತೆ ನೀರಾಗುತ್ತದೆ. ಪಾರಿಭಾಷಿಕ ಪದಗಳೂ ಇದಕ್ಕೆ ಹೊರತಲ್ಲ: ತೆಲುಗಿನ ‘ದ್ರವೀಭವನಂ’ ಎಂದರೆ ಘನ ನೀರಾಗುವುದು, ಕನ್ನಡದ ‘ದ್ರವೀಕರಣ’ ಸಾಮಾನ್ಯವಾಗಿ ಅನಿಲ ದ್ರವವಾಗುವುದು. ಧಾತು ಒಂದೇ, ದಿಕ್ಕು ಬೇರೆ. ಕನ್ನಡ ಮಾಧ್ಯಮದಿಂದ ತೆಲುಗು ಮಾಧ್ಯಮಕ್ಕೆ ಹೋದ ಮಗು ಇಲ್ಲಿ ಎಡವಿದರೆ ಅಂಕ ಕಳೆದುಕೊಳ್ಳುವುದು ವಿಜ್ಞಾನದಲ್ಲಿ, ಕಾರಣವಿರುವುದು ಪದದಲ್ಲಿ.

ಆದ್ದರಿಂದ ಈ ಪಾಠಕ್ಕೊಂದು ಕ್ರಮ ಹಿತ. ಮೊದಲು ಕಾಣಿಸುವುದು, ಬಳಿಕ ಮಗುವಿನ ಮಾತಿನಲ್ಲೇ ಹೇಳಿಸುವುದು, ಆ ಮಾತು ಎಲ್ಲಿ ಎರಡು ಸಂಗತಿಗಳನ್ನು ಬೆರೆಸುತ್ತದೆಂದು ಪ್ರಯೋಗದಿಂದ ಬಿಡಿಸುವುದು, ಕೊನೆಯಲ್ಲಿ ಪಾರಿಭಾಷಿಕ ಪದ ಕೊಡುವುದು. ಐಸ್ ಹಾಕಿದ ಸ್ಟೀಲ್ ಲೋಟದ ಹೊರಮೈಯಲ್ಲಿ ಹನಿಗಳು ಮೂಡಿದಾಗ ಮಕ್ಕಳು ‘ಲೋಟ ಸೋರಿತು’ ಎನ್ನುವುದುಂಟು. ಅದನ್ನು ತಪ್ಪೆಂದು ಅಲ್ಲಗಳೆಯುವ ಬದಲು ಒಳಗಿನ ನೀರಿಗೆ ಕುಂಕುಮ ಕದಡಿ ಮತ್ತೆ ನೋಡಿಸಬೇಕು. ಹೊರಗಿನ ಹನಿಗೆ ಬಣ್ಣವಿಲ್ಲದ್ದನ್ನು ಕಂಡ ಮಗುವೇ ‘ಹಾಗಾದರೆ ಈ ನೀರು ಎಲ್ಲಿಂದ ಬಂತು?’ ಎಂದು ಕೇಳುತ್ತದೆ. ‘ಸಾಂದ್ರೀಕರಣ’ ಎಂಬ ಪದಕ್ಕೆ ಆಗ ಸ್ಥಳ ಸಿದ್ಧವಾಗಿರುತ್ತದೆ.

1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಾಗ ಕನ್ನಡದಲ್ಲಿ ವಿಜ್ಞಾನ ಹೇಳಲು ಪದಗಳನ್ನು ಹುಡುಕುವುದೇ ದೊಡ್ಡ ಕೆಲಸವಾಗಿತ್ತು. ಇಂದು ಪದಗಳಿಗೆ ಕೊರತೆಯಿಲ್ಲ. ಮನೆಯ ಪದಕ್ಕೂ ಪುಸ್ತಕದ ಪದಕ್ಕೂ ಸೇತುವೆ ಕಟ್ಟುವವರು ಬೇಕು. ಧಾತು, ಅರ್ಥವ್ಯಾಪ್ತಿ, ಜ್ಞಾತಿಭಾಷೆಗಳ ಹೋಲಿಕೆ – ಇವು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಭಾಷಾಶಾಸ್ತ್ರದಲ್ಲಿ ಓದುವ ವಿಷಯಗಳು. ನಾಳೆ ಅವರಲ್ಲಿ ಹಲವರು ಗಡಿಯ ಶಾಲೆಗಳಲ್ಲಿ ಮಕ್ಕಳ ಮುಂದೆ ನಿಲ್ಲುವರು. ‘ಕರಗಿತು’ ಎಂದು ಮಗು ಹೇಳಿದಾಗ ‘ತಾನೇ ಕರಗಿತೋ, ನೀರಿನಲ್ಲಿ ಕರಗಿತೋ?’ ಎಂದು ಕೇಳಬಲ್ಲವರು ಆ ತರಗತಿಗೆ ವ್ಯಾಕರಣವನ್ನೂ ವಿಜ್ಞಾನವನ್ನೂ ಒಟ್ಟಿಗೆ ಕಲಿಸಿದಂತಾಗುತ್ತದೆ.